ಕೇಳಲು ಹೊರಟ ಆಯೋಗ: ಊರುಗಳ ಆಯ್ಕೆ ಮತ್ತು ಅಭಿಪ್ರಾಯಗಳ ಅರಿವು

ಒಂದು ಪ್ರದೇಶದ ಜನರ ರಾಜಕೀಯ ಅಭಿಪ್ರಾಯವನ್ನು ತಿಳಿಯಲು ಎರಡು ಮಾರ್ಗಗಳಿವೆ. ಅವರು ಬರೆದು ಕಳುಹಿಸಿದುದನ್ನು ಓದುವುದು ಒಂದು. ಅವರಿದ್ದಲ್ಲಿಗೇ ಹೋಗಿ ಕೇಳುವುದು ಇನ್ನೊಂದು. ಎರಡನೆಯದನ್ನು ಆರಿಸಿಕೊಂಡವನಿಗೆ ಯಾವ ಊರಿಗೆ ಹೋಗಬೇಕು, ಅಲ್ಲಿ ಯಾರ ಮಾತನ್ನು ಕೇಳಬೇಕು ಎಂಬ ಪ್ರಶ್ನೆ ಒಡನೆಯೇ ಎದುರಾಗುತ್ತದೆ. ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯು ಕನ್ನಡಿಗರಿಗೆ ಗಡಿಗಳ ದಾಖಲೆಯಾಗಿ ಚಿರಪರಿಚಿತ. ಆಲಿಸುವ ವಿಧಾನದ ದಾಖಲೆಯಾಗಿಯೂ ಅದು ಪರಿಶೀಲನೆಗೆ ಅರ್ಹವಾಗಿದೆ.

1953ರ ಡಿಸೆಂಬರ್‌ನಲ್ಲಿ ನೇಮಕವಾದ ಈ ಆಯೋಗಕ್ಕೆ ಫಜಲ್ ಅಲಿಯವರು ಅಧ್ಯಕ್ಷರು. ಹೃದಯನಾಥ ಕುಂಜ್ರು ಮತ್ತು ಕೆ. ಎಂ. ಪಣಿಕ್ಕರ್ ಅವರು ಸದಸ್ಯರು. ಸಾರ್ವಜನಿಕರಿಂದ ಬಂದ ಪತ್ರಗಳ ಸಂಖ್ಯೆ 1,52,250. ಆದರೆ ಇವುಗಳಲ್ಲಿ ಬಹುಭಾಗ ತಂತಿಗಳು ಮತ್ತು ಅಚ್ಚು ಹಾಕಿಸಿದ ನಿರ್ಣಯಗಳು. ವಿಚಾರಪೂರ್ವಕವಾಗಿ ಬರೆದ ಮನವಿಗಳು ಸುಮಾರು 2,000ವನ್ನು ಮೀರಲಿಲ್ಲವೆಂದು ಆಯೋಗವೇ ಹೇಳಿದೆ. ಅಂದರೆ ಎಪ್ಪತ್ತಾರು ಕಾಗದಗಳಲ್ಲಿ ಒಂದು. ಕಾಗದದ ರಾಶಿಯು ಜನಮತದ ತೂಕವಲ್ಲವೆಂಬುದು ಇದರಿಂದ ಸ್ಪಷ್ಟ. ಆಯೋಗವು 104 ಸ್ಥಳಗಳಿಗೆ ಹೋಗಿ, 38,000 ಮೈಲಿಗಳಿಗೂ ಮಿಕ್ಕಿ ಸಂಚರಿಸಿ, 9,000ಕ್ಕೂ ಹೆಚ್ಚು ಜನರನ್ನು ಕಂಡು ಮಾತನಾಡಿತು.

ಕನ್ನಡ ನಾಡಿನ ಮಟ್ಟಿಗೆ ಈ ಸಂಚಾರದ ಅಗತ್ಯ ಇನ್ನೂ ಹೆಚ್ಚಿನದಾಗಿತ್ತು. ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಭಾಷೆ ಒಂದಾದ ಮಾತ್ರಕ್ಕೆ ಮತವೂ ಒಂದೆಂದು ದೂರದಿಂದ ಭಾವಿಸುವುದು ಸುಲಭ. ಧಾರವಾಡದ ಕಡೆಯಲ್ಲಿ ಏಕೀಕರಣವು ಎರಡು ತಲೆಮಾರುಗಳ ಹಂಬಲವಾಗಿತ್ತು. 1902ರಿಂದಲೇ ಶಿವನಸಮುದ್ರದ ವಿದ್ಯುತ್ತನ್ನೂ 1916ರಿಂದ ತನ್ನದೇ ವಿಶ್ವವಿದ್ಯಾನಿಲಯವನ್ನೂ ಪಡೆದಿದ್ದ ಮೈಸೂರಿನಲ್ಲಾದರೋ, ಹಿಂದುಳಿದ ಜಿಲ್ಲೆಗಳ ಭಾರ ತಮ್ಮ ಮೇಲೆ ಬಿದ್ದೀತೆಂಬ ಶಂಕೆ ಅನೇಕರಲ್ಲಿತ್ತು. ಯಾವ ಸಮುದಾಯದ ಕೈ ಮೇಲಾದೀತೆಂಬ ಭೀತಿಯೂ ಅದರೊಡನೆ ಬೆರೆತಿತ್ತು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಏಕೀಕರಣವನ್ನು ಬೆಂಬಲಿಸಿದರೂ ಈ ವಿರೋಧ ಅಡಗಲಿಲ್ಲ. ಆಯೋಗವು ಈ ಶಂಕೆಗಳನ್ನು ಅಲ್ಲಗಳೆಯದೆ ವರದಿಯಲ್ಲಿ ದಾಖಲಿಸಿ, ಒಂದೊಂದಾಗಿ ಪರಿಶೀಲಿಸಿ, ಕನ್ನಡಕ್ಕೆ ಎರಡು ರಾಜ್ಯಗಳು ಬೇಡವೆಂಬ ತೀರ್ಮಾನಕ್ಕೆ ಬಂದಿತು. ಎದುರು ಪಕ್ಷದ ಮಾತನ್ನು ಕೇಳಿದ ಮೇಲೆ ಬಂದ ತೀರ್ಮಾನವಾದುದರಿಂದಲೇ ಅದಕ್ಕೆ ಬೆಲೆ ಬಂದಿತೆನ್ನಬೇಕು.

ಆದರೆ ಊರಿಗೆ ಹೋದ ಮಾತ್ರಕ್ಕೆ ಸತ್ಯವು ಕೈಸೇರುವುದಿಲ್ಲ. ಬಳ್ಳಾರಿಯೇ ಇದಕ್ಕೆ ನಿದರ್ಶನ. 1953ರಲ್ಲಿ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವಿಚಾರಣೆಯ ತರುವಾಯ ಬಳ್ಳಾರಿ ತಾಲೂಕು ಮೈಸೂರಿಗೆ ಸೇರಿತು. ಎರಡೇ ವರ್ಷಗಳಲ್ಲಿ, ಮುಖ್ಯವಾಗಿ ತುಂಗಭದ್ರಾ ಯೋಜನೆಯ ದೃಷ್ಟಿಯಿಂದ, ಅದೇ ತಾಲೂಕು ಆಂಧ್ರಕ್ಕೆ ಸೇರಬೇಕೆಂದು ಆಯೋಗ ಸೂಚಿಸಿತು. ಕೊನೆಗೆ ಆ ಸೂಚನೆ ಅಂಗೀಕೃತವಾಗಲಿಲ್ಲ. ನೆಲ ಅದೇ, ಜನರೂ ಅವರೇ. ಬೇರೆಯಾದುದು ಬಂದವರು ತಮ್ಮೊಡನೆ ತಂದ ಪ್ರಶ್ನೆ. ಕಾಸರಗೋಡಿನ ಕಥೆಯೂ ಇಂಥದೇ. 1955ರ ಆಯೋಗ ಆ ತಾಲೂಕನ್ನು ಕೇರಳಕ್ಕೆ ಕೊಡಬೇಕೆಂದಿತು. 1967ರ ಮಹಾಜನ ವರದಿಯು ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸಲ್ಲಬೇಕೆಂದಿತು. ಎರಡನೆಯ ಶಿಫಾರಸು ಕಾಗದದಲ್ಲಿಯೇ ಉಳಿಯಿತು.

ಕೇಳುವವನು ಯಾರೆಂಬುದೂ ಮುಖ್ಯ. ಬಿಹಾರದೊಡನೆ ದೀರ್ಘಕಾಲದ ಸಂಬಂಧವಿದ್ದುದರಿಂದ ಫಜಲ್ ಅಲಿಯವರು ಆ ರಾಜ್ಯಕ್ಕೂ ಬಂಗಾಳ, ಒರಿಸ್ಸಗಳಿಗೂ ಇದ್ದ ಗಡಿವಿವಾದಗಳ ತೀರ್ಮಾನದಲ್ಲಿ ಭಾಗವಹಿಸಲಿಲ್ಲ. ಇದು ಮೆಚ್ಚತಕ್ಕ ನಡತೆ. ಕಾಸರಗೋಡಿನ ಶಿಫಾರಸಿಗೆ ಕೇರಳದವರೇ ಆದ ಪಣಿಕ್ಕರರ ಸಹಿಯೂ ಇತ್ತೆಂಬುದನ್ನು ಆ ಗಡಿನಾಡಿನ ಕನ್ನಡಿಗರು ಮರೆತಿಲ್ಲ. ಇನ್ನು, ಜೊತೆಯಾಗಿ ದೇಶ ಸುತ್ತಿದ ಮೂವರೂ ಎಲ್ಲದರಲ್ಲಿ ಒಮ್ಮತಕ್ಕೆ ಬರಲಿಲ್ಲ. ಹಿಮಾಚಲ ಪ್ರದೇಶದ ವಿಷಯದಲ್ಲಿ ಫಜಲ್ ಅಲಿಯವರೂ ಉತ್ತರ ಪ್ರದೇಶದ ವಿಭಜನೆಯ ವಿಷಯದಲ್ಲಿ ಪಣಿಕ್ಕರರೂ ಪ್ರತ್ಯೇಕ ಟಿಪ್ಪಣಿಗಳನ್ನು ಬರೆದರು. ಆ ಭಿನ್ನಮತಗಳನ್ನು ಮುಚ್ಚಿಡದೆ ವರದಿಯೊಡನೆಯೇ ಪ್ರಕಟಿಸಿದುದು ಅದರ ಪ್ರಾಮಾಣಿಕತೆಗೆ ಸಾಕ್ಷಿ.

ಆಯೋಗದ ವಿಧಾನಕ್ಕೆ ಒಂದು ಮಿತಿಯೂ ಇದ್ದಿತು. 1951ರ ಜನಗಣತಿಯ ಮೂವತ್ತಾರು ಕೋಟಿ ಜನರಲ್ಲಿ 9,000 ಮಂದಿಯೆಂದರೆ ನಲವತ್ತು ಸಾವಿರಕ್ಕೆ ಒಬ್ಬರು. ಇಂಥ ವಿಚಾರಣೆಗಳಿಗೆ ಬರುವವರು ಸಾಮಾನ್ಯವಾಗಿ ಸಂಘಸಂಸ್ಥೆಗಳ ಪ್ರತಿನಿಧಿಗಳು, ವಕೀಲರು, ಮುಂದಾಳುಗಳು. ಅಂದರೆ ಅಭಿಪ್ರಾಯವನ್ನು ಮೊದಲೇ ಸಿದ್ಧಪಡಿಸಿಕೊಂಡವರು. ಮನೆಯಲ್ಲಿ ಒಂದು ನುಡಿ, ಸಂತೆಯಲ್ಲಿ ಇನ್ನೊಂದು ನುಡಿಯಾಡುವ ಗಡಿಯ ರೈತನಿಗೆ ಮನವಿ ಬರೆಯುವ ಬಿಡುವಾಗಲಿ ಅಭ್ಯಾಸವಾಗಲಿ ಇರುವುದಿಲ್ಲ. ಗಡಿಗೆರೆ ಎಲ್ಲರಿಗಿಂತ ಮೊದಲು ಹಾದುಹೋಗುವುದು ಅವನ ಹೊಲದ ಮೇಲೆ.

ಹೊರನಾಡಿನ ಕನ್ನಡಿಗರಿಗೆ ಈ ಇತಿಹಾಸದಲ್ಲಿ ಒಂದು ಪಾಠವುಂಟು. ಗಡಿಯ ಪ್ರಶ್ನೆಯನ್ನು ಅಭ್ಯಸಿಸಲು ಹೊರಟವರು ಬೆಳಗಾವಿಯಲ್ಲಿ, ಅಕ್ಕಲಕೋಟೆಯಲ್ಲಿ, ಕಾಸರಗೋಡಿನಲ್ಲಿ ತಮ್ಮವರ ಮನೆಗಳಲ್ಲಿಯೇ ಇಳಿದು, ತಮಗೆ ಬೇಕಾದುದನ್ನೇ ಕೇಳಿ ಮರಳುವುದುಂಟು. ಅಲ್ಲಿ ದೊರೆಯುವುದು ಸಮಾಧಾನವೇ ಹೊರತು ಜ್ಞಾನವಲ್ಲ. ಮರಾಠಿಯನ್ನೋ ಮಲಯಾಳವನ್ನೋ ಆಡುವ ನೆರೆಮನೆಯ ಜಗಲಿಯ ಮೇಲೆಯೂ ಒಂದು ಗಳಿಗೆ ಕುಳಿತು, ಅವರ ವಾದವನ್ನು ಅವರೇ ಒಪ್ಪುವಂತೆ ತಿರುಗಿ ಹೇಳಬಲ್ಲವನಿಗೆ ಮಾತ್ರ ತನ್ನ ವಾದದ ನಿಜವಾದ ಬಲವೆಷ್ಟೆಂಬುದು ತಿಳಿದೀತು. ಪರಭಾಷಿಕರ ನಡುವೆಯೇ ಬಾಳುತ್ತಿರುವ ಹೊರನಾಡಿಗರಿಗೆ ಆ ಜಗಲಿ ದೂರದ್ದೇನಲ್ಲ.