ಊರಳಿವಿನ ನಂತರ: ದೋರಸಮುದ್ರದ ಪತನ ಮತ್ತು ಹೊಯ್ಸಳ ಸ್ತ್ರೀಯರ ದಾನಾಧಿಕಾರ

1311ರಲ್ಲಿ ಮಲಿಕ್ ಕಾಫರನ ಮುತ್ತಿಗೆ, 1327ರಲ್ಲಿ ತುಘಲಕ್ ಸೈನ್ಯದ ದಾಳಿ. ಈ ಎರಡು ಹೊಡೆತಗಳಿಗೆ ಸಿಕ್ಕಿ ಹೊಯ್ಸಳರ ರಾಜಧಾನಿ ದೋರಸಮುದ್ರ ಹಳೇಬೀಡಾಯಿತು. ಪತನದ ಕಥೆಯನ್ನು ಮುರಿದ ಶಿಲ್ಪಗಳನ್ನು ಮುಂದಿಟ್ಟು ಹೇಳುತ್ತೇವೆ, ಚೇತರಿಕೆಯ ಕಥೆಯನ್ನು ಗೋಪುರ ಎತ್ತಿಸಿದ ದಂಡನಾಯಕರ ಹೆಸರಿನಲ್ಲಿ. ಆದರೆ ಯುದ್ಧದಿಂದ ಚದುರಿದ ಜನ ಮತ್ತೆ ಊರಾಗಿ ನಿಲ್ಲಬೇಕಾದರೆ ಕೆರೆ, ಗದ್ದೆ, ದತ್ತಿಗಳ ಹಕ್ಕು ಮೊದಲು ನೆಲೆಗೊಳ್ಳಬೇಕು. ಆ ವ್ಯವಹಾರದಲ್ಲಿ ಹೊಯ್ಸಳ ನಾಡಿನ ಸ್ತ್ರೀಯರಿಗೆ ಎರಡು ಶತಮಾನಗಳಿಂದ ಬಂದ ಅಧಿಕಾರವಿತ್ತು; ರಾಜಧಾನಿ ಬಿದ್ದ ಮೇಲೂ ಅದು ಅಳಿಯಲಿಲ್ಲ ಎಂಬುದು ಇಲ್ಲಿನ ವಾದ.

ಬೇಲೂರಿನಲ್ಲಿ ಹೊಯ್ಸಳ ರಾಣಿ ಶಾಂತಲೆ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದಳು. ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿ ಶೈವ. ಅವನ ಹೆಂಡತಿ ಆಚಿಯಕ್ಕ 1181ರಲ್ಲಿ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ್ದು ಜಿನಾಲಯ, ಇಂದಿನ ಅಕ್ಕನ ಬಸದಿ. ಗಂಡನ ಮತಕ್ಕಿಂತ ಬೇರೆಯಾದ ಮತಕ್ಕೆ ಹೆಣ್ಣು ದಾನ ಮಾಡಿದಳು, ಅದಕ್ಕೆ ಅರಸನೇ ಊರನ್ನು ಬಿಟ್ಟುಕೊಟ್ಟ. ಈ ದಾನವನ್ನು ಬರಿಯ ಭಕ್ತಿಯೆಂದು ಬದಿಗಿಡುವುದು ತಪ್ಪು. ಅರಸಿಯೊಬ್ಬಳು ಕೆರೆ ಕಟ್ಟಿಸಿದ್ದರಿಂದ ಅರಸೀಕೆರೆಗೆ ಆ ಹೆಸರು ಬಂತೆಂಬ ಪ್ರತೀತಿಯನ್ನೂ ಈ ಸಾಲಿನಲ್ಲೇ ಇಡಬೇಕು.

ಪತನಾನಂತರದ ಗಟ್ಟಿ ಸಾಕ್ಷ್ಯ ಮುಮ್ಮಡಿ ಬಲ್ಲಾಳನ ರಾಣಿ ಕಿಕ್ಕಾಯಿತಾಯಿ. ಬಲ್ಲಾಳ ಮಧುರೆಯ ಸುಲ್ತಾನನ ಕೈಯಲ್ಲಿ ಸತ್ತ ಮೇಲೂ ಆಕೆ ಬಾರಕೂರಿನ ಸೀಮೆಯಲ್ಲಿ ಅಧಿಕಾರದಲ್ಲಿದ್ದಳು. 1346ರಲ್ಲಿ ವಿಜಯನಗರದ ಸಂಗಮ ಸೋದರರಾದ ಹರಿಹರ ಮತ್ತು ಅವನ ತಮ್ಮಂದಿರು ಶೃಂಗೇರಿಗೆ ಬಂದು ಅಲ್ಲಿನ ಮಠದ ಗುರು ಭಾರತೀತೀರ್ಥರಿಗೆ ದತ್ತಿ ಬಿಟ್ಟರು. ಅದೇ ವರ್ಷ ಕಿಕ್ಕಾಯಿತಾಯಿಯೂ ಅಲ್ಲಿಗೆ ದತ್ತಿ ಬಿಟ್ಟಳು. ಅಳಿಯುತ್ತಿದ್ದ ಮನೆತನವೂ ಏಳುತ್ತಿದ್ದ ಮನೆತನವೂ ಒಂದೇ ಮಠದ ಮುಂದೆ ಕೂಡಿದವು. ಹಳೆಯ ಪ್ರಭುತ್ವದ ಪರವಾಗಿ ನಿಂತವಳು ವಿಧವೆ ರಾಣಿ. ವಿಜಯನಗರದ ಉದಯವನ್ನು ಸಂಗಮ ಸೋದರರ ಸಾಹಸವಾಗಿಯೇ ಹೇಳುವವರು ಈ ದತ್ತಿಗೆ ಸಲ್ಲಬೇಕಾದ ತೂಕ ಕೊಟ್ಟಿಲ್ಲ.

ರಾಣಿಯರ ದಾನದಿಂದ ಸಾಮಾನ್ಯ ಹೆಣ್ಣುಮಕ್ಕಳ ಬಾಳನ್ನು ಊಹಿಸಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರ ವೀರಗಲ್ಲುಗಳಲ್ಲಿದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಮನೆಯಲ್ಲುಳಿದ ಹೆಂಡತಿಗೆ ಕಲ್ಲಿನಲ್ಲಿ ಜಾಗವಿಲ್ಲ. ಆದರೆ ತುರುಗೊಳ್ (ದನಗಳ ಅಪಹರಣ), ಪೆಣ್ಬುಯ್ಯಲ್ (ಹೆಣ್ಣಿನ ಮೊರೆ), ಊರಳಿವು (ಊರಿನ ನಾಶ) ಮುಂತಾದ ಕಾಳಗಗಳಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ನೆತ್ತರುಗೊಡಗೆಯ ಭೂಮಿಯನ್ನು ಬರಹಗಳು ಹೇಳುತ್ತವೆ. ಗಂಡಸು ಸತ್ತ ಮನೆಯ ಬೇಸಾಯವನ್ನು ಉಳಿದವರೇ ನಡೆಸಬೇಕಿತ್ತು, ಅವರಲ್ಲಿ ಹೆಣ್ಣು ಇರಲಿಲ್ಲವೆಂದು ನಂಬಲು ಕಾರಣವಿಲ್ಲ. ಸಹಗಮನ ಮಾಡಿದವರ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳು ಇದಕ್ಕೆ ಎದುರು ಸಾಕ್ಷ್ಯವೆಂಬುದು ನಿಜ: ಕಂಬದಿಂದ ಚಾಚಿ ಮೊಣಕೈಯಲ್ಲಿ ಮೇಲಕ್ಕೆ ಮಡಿಸಿದ ತೋಳು, ತೆರೆದ ಅಂಗೈ, ಮುಂಗೈ ತುಂಬ ಬಳೆ. ಸತ್ತವಳಿಗೆ ಶಿಲೆ, ಬದುಕಿ ದುಡಿದವಳಿಗೆ ಮೌನ ಎಂಬ ಈ ಪಕ್ಷಪಾತವನ್ನು ಸಂಶೋಧಕರೂ ಮುಂದುವರಿಸಬಾರದು.

ಇನ್ನು, ಸುಟ್ಟುಹೋದ ಬೇಲೂರಿನ ಮಹಾದ್ವಾರವನ್ನು 1397ರಲ್ಲಿ ಮತ್ತೆ ಎತ್ತಿಸಿದವನು ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡ, ಹೆಣ್ಣಲ್ಲವಲ್ಲ ಎನ್ನಬಹುದು. ಒಪ್ಪೋಣ. ಆದರೆ ಅದು 1327ರಿಂದ ಎಪ್ಪತ್ತು ವರ್ಷಗಳ ನಂತರದ ಮಾತು. ಆ ನಡುವೆ ಒಲೆ ಹೊತ್ತಿಸಿ ಹೊಲ ಉತ್ತವರು ಯಾರೆಂಬುದಕ್ಕೆ ಗೋಪುರದ ಶಾಸನ ಉತ್ತರಿಸದು. 1902ರಲ್ಲಿ ಶಾಸನತಜ್ಞ ರೈಸ್ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ಅರಸೀಕೆರೆ, ಬೇಲೂರು ತಾಲ್ಲೂಕುಗಳ ವೀರಗಲ್ಲುಗಳನ್ನು ಕೊಡಗೆ ಪಡೆದವರ ಕಡೆಯಿಂದ ಮತ್ತೊಮ್ಮೆ ಓದಿದರೆ ಆ ಉತ್ತರ ಸಿಕ್ಕೀತು.