ಪಾಳು ಕಟ್ಟಡಕ್ಕೆ ಮರುಜೀವ: ಬಣ್ಣಕ್ಕಿಂತ ಮೊದಲು ಗಾಳಿ

ನಗರಗಳ ಹಳೆಯ ಬಡಾವಣೆಗಳಲ್ಲಿ ವರ್ಷಾನುಗಟ್ಟಲೆ ಬೀಗ ಬಿದ್ದಿರುವ ಬಂಗಲೆ, ಗೋದಾಮು, ಕಾರ್ಖಾನೆಗಳು ಇಂದಿಗೂ ಕಾಣಸಿಗುತ್ತವೆ. ಅವನ್ನು ಕೆಡವಿ ಹೊಸದು ಕಟ್ಟುವುದೇ ಸುಲಭವೆಂಬ ಭಾವನೆ ಸಾಮಾನ್ಯ. ಆದರೆ ಕೆಡವುವಾಗ ಏಳುವ ಧೂಳು ಇಡೀ ಬೀದಿಯ ಗಾಳಿಯನ್ನು ಕೆಡಿಸುತ್ತದೆ. ಹೊಸ ಕಟ್ಟಡಕ್ಕೆ ಬೇಕಾದ ಸಿಮೆಂಟ್, ಉಕ್ಕು, ಇಟ್ಟಿಗೆಗಳ ತಯಾರಿಕೆಯೂ ಮಾಲಿನ್ಯಕ್ಕೆ ಕಾರಣ. ಗಟ್ಟಿಮುಟ್ಟಾದ ಕಟ್ಟಡವನ್ನು ಉಳಿಸಿಕೊಂಡು ಹೊಸ ಬಳಕೆಗೆ ಒಗ್ಗಿಸುವುದು ಇದಕ್ಕೆ ಪರ್ಯಾಯ. ಕ್ರಮ ತಪ್ಪಿದರೆ ಮಾತ್ರ ದುರಸ್ತಿಯೇ ಕಾಯಿಲೆಗೆ ದಾರಿಯಾದೀತು.

ಬೆಂಗಳೂರಿನ ನಿದರ್ಶನಗಳು

ತುರ್ತು ಪರಿಸ್ಥಿತಿಯ ಕಾಲದಲ್ಲಿ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ ಮೊದಲಾದವರು ಬಂಧನದಲ್ಲಿದ್ದ ಕೇಂದ್ರ ಕಾರಾಗೃಹವು ಪರಪ್ಪನ ಅಗ್ರಹಾರಕ್ಕೆ ಸ್ಥಳಾಂತರಗೊಂಡ ಬಳಿಕ, ಹಳೆಯ ಆವರಣ 2008ರಲ್ಲಿ ಸ್ವಾತಂತ್ರ್ಯ ಉದ್ಯಾನವಾಗಿ ತೆರೆದುಕೊಂಡಿತು. ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಆರಂಭವಾಯಿತು. ಎರಡೂ ಕಡೆ ಹಳೆಯ ಕಟ್ಟಡದ ಜೊತೆಗೆ ನಗರದ ನಡುವೆ ಹಸಿರು ಜಾಗವೂ ಉಳಿದುಕೊಂಡಿತು.

ಮಾನದಂಡ ಏನು?

ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳ (ಪಿಎಂ 2.5) ವಾರ್ಷಿಕ ಸರಾಸರಿ ಪ್ರತಿ ಘನ ಮೀಟರ್‌ಗೆ 40 ಮೈಕ್ರೊಗ್ರಾಂ ಮೀರಬಾರದೆಂದು ಭಾರತದ 2009ರ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 5 ಮೈಕ್ರೊಗ್ರಾಂ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ವ್ಯಾಪ್ತಿಗೆ ರಾಜ್ಯದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಸೇರಿವೆ.

ಅಡಗಿರುವ ಅಪಾಯಗಳು

ಪಾಳು ಕಟ್ಟಡದಲ್ಲಿ ಮೊದಲು ಗಮನಿಸಬೇಕಾದವು ಮೂರು.

* ಆಸ್ಬೆಸ್ಟಾಸ್ ಶೀಟು: ಒಡೆಯದೆ ಇರುವಾಗ ಅಪಾಯ ಕಡಿಮೆ. ಕತ್ತರಿಸಿದಾಗ, ಒಡೆದಾಗ ಹೊರಬೀಳುವ ನಾರುಗಳು ಶ್ವಾಸಕೋಶ ಸೇರಿದರೆ ಹಲವು ದಶಕಗಳ ನಂತರವೂ ಕ್ಯಾನ್ಸರ್ ತರಬಲ್ಲವು. ಶೀಟನ್ನು ನೀರಿನಿಂದ ತೋಯಿಸಿ, ಒಡೆಯದೆ ಇಳಿಸಬೇಕು.

* ಸೀಸದ ಬಣ್ಣ: ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಳೆಯ ಬಾಗಿಲು, ಕಿಟಕಿ, ಸರಳುಗಳನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ.

* ಪಾರಿವಾಳದ ಹಿಕ್ಕೆ: ಒಣಗಿದ ಹಿಕ್ಕೆ ಗುಡಿಸಿದಾಗ ಏಳುವ ಧೂಳಿನಿಂದ ಶ್ವಾಸಕೋಶದ ಅಲರ್ಜಿ ಹಾಗೂ ಶಿಲೀಂಧ್ರದ ಸೋಂಕು ಉಂಟಾಗಬಹುದು. ಮೊದಲು ಒದ್ದೆ ಮಾಡಿ, ನಂತರ ತೆಗೆಯಬೇಕು.

ತೇವ ನಿಲ್ಲಲಿ

ಮಾಡು ಸೋರುವುದನ್ನು ನಿಲ್ಲಿಸದೆ ಬಣ್ಣ ಬಳಿದರೆ ಒಂದೇ ಮಳೆಗಾಲದಲ್ಲಿ ಬೂಷ್ಟು ಮರಳುತ್ತದೆ. ತೇವ ಮತ್ತು ಬೂಷ್ಟು ಉಬ್ಬಸವನ್ನು ಉಲ್ಬಣಗೊಳಿಸುತ್ತವೆ. ಸುಣ್ಣದ ಗಾರೆಯ ಹಳೆಯ ಗೋಡೆಗಳು ಒಳಗಿನ ತೇವವನ್ನು ಹೊರಬಿಡುತ್ತವೆ. ಅವುಗಳ ಮೇಲೆ ಸಿಮೆಂಟ್ ಮೆತ್ತಿದರೆ ನೀರು ಗೋಡೆಯೊಳಗೇ ಸಿಕ್ಕಿಬೀಳುತ್ತದೆ. ಆದ್ದರಿಂದ ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ಲೇಸು.

ಗಾಳಿಯಾಡಲಿ

ಎತ್ತರದ ಚಾವಣಿ, ಗವಾಕ್ಷಿ, ನಡುವಿನ ತೊಟ್ಟಿ ಹಳೆಯ ಮನೆಗಳ ಆಸ್ತಿ. ಬಿಸಿ ಗಾಳಿ ಮೇಲಿನಿಂದ ಹೊರಹೋದಾಗ ತಂಪು ಗಾಳಿ ಕೆಳಗಿನಿಂದ ಒಳಬರುತ್ತದೆ. ಹವಾನಿಯಂತ್ರಣಕ್ಕಾಗಿ ಗವಾಕ್ಷಿ ಮುಚ್ಚಿ, ಸುಳ್ಳು ಚಾವಣಿ ಹಾಕಿದರೆ ಈ ಅನುಕೂಲ ನಷ್ಟ. ಮುಖ್ಯರಸ್ತೆಯ ಪಕ್ಕದ ಕಟ್ಟಡವಾದರೆ ವಾಹನ ದಟ್ಟಣೆಯ ವೇಳೆ ಆ ಬದಿಯ ಕಿಟಕಿ ಮುಚ್ಚಿ, ಹಿತ್ತಲ ಬದಿಯದನ್ನು ತೆರೆಯುವುದು ಒಳಿತು. ಅಡುಗೆಮನೆಗೆ ಹೊಗೆ ಹೊರಹಾಕುವ ಫ್ಯಾನ್ ಕಡ್ಡಾಯವಾಗಿ ಇರಲಿ.

ಗಿಡಗಳಿಂದ ಪರಿಹಾರವೇ?

ಕುಂಡದ ಗಿಡಗಳು ಗಾಳಿ ಶುದ್ಧಗೊಳಿಸುತ್ತವೆಂಬ ನಂಬಿಕೆಗೆ ಅಮೆರಿಕದ ನಾಸಾ 1989ರಲ್ಲಿ ಮುಚ್ಚಿದ ಪೆಟ್ಟಿಗೆಗಳಲ್ಲಿ ನಡೆಸಿದ ಪ್ರಯೋಗ ಮೂಲ. ಆದರೆ ಕಿಟಕಿಯಿಂದ ಬರುವ ಗಾಳಿಯಷ್ಟು ಕೆಲಸ ಮಾಡಲು ಒಂದು ಚದರ ಮೀಟರ್‌ಗೆ 10ರಿಂದ 1,000 ಗಿಡಗಳು ಬೇಕಾದೀತೆಂದು 2019ರ ವಿಮರ್ಶೆಯೊಂದು ತೋರಿಸಿತು. ಗಿಡಗಳು ಕಣ್ಣಿಗೆ ತಂಪು, ನಿಜ. ಕಿಟಕಿಗೆ ಬದಲಿ ಅಲ್ಲ.

ಯಾರ ಉಸಿರು?

ದುರಸ್ತಿಯ ಧೂಳನ್ನು ಮೊದಲು ಉಸಿರಾಡುವವರು ಕೂಲಿ ಕಾರ್ಮಿಕರು. ಎಷ್ಟೋ ಕಡೆ ಅವರ ಮಕ್ಕಳೂ ಅದೇ ಆವರಣದಲ್ಲಿ ಮಲಗುತ್ತಾರೆ. ಎನ್-95 ಮುಖಗವಸು, ತೋಯಿಸಲು ನೀರು, ಕೆಲಸದ ಜಾಗದಿಂದ ದೂರ ವಸತಿ ಇವು ಅಂದಾಜು ಪಟ್ಟಿಯ ಮೊದಲ ಸಾಲಿನಲ್ಲಿರಬೇಕು. ಮುಂದೆ ವಾಸಿಸುವವರ ಆರೋಗ್ಯಕ್ಕಾಗಿ ನಡೆಯುವ ಕೆಲಸ ದುಡಿಯುವವರ ಆರೋಗ್ಯವನ್ನು ಬಲಿ ತೆಗೆದುಕೊಳ್ಳಬಾರದು.