ಎರೆ ನೆಲದಲ್ಲಿ ಬುನಾದಿಯ ಹುಡುಕಾಟ

ನರಗುಂದದ ಕೋಟೆ ನಿಂತಿರುವುದು ಬಂಡೆಗಲ್ಲಿನ ಗುಡ್ಡದ ಮೇಲೆ. ಗುಡ್ಡದ ಸುತ್ತ ಹರಡಿರುವುದು ಎರೆಮಣ್ಣು. 1858ರಲ್ಲಿ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಬಂಡೆದ್ದ ಊರೆಂದು ನಾವೆಲ್ಲ ಇದನ್ನು ಬಲ್ಲೆವು. ಆದರೆ ಈ ಭಾಗದಲ್ಲಿ ಮನೆ ಕಟ್ಟುವವನು ಮೊದಲು ಸೆಣಸಬೇಕಾದದ್ದು ಕಾಲಡಿಯ ಮಣ್ಣಿನೊಂದಿಗೆ. ಹತ್ತಿ, ಜೋಳ, ಕಡಲೆಗೆ ತಾಯಿಯಾದ ಈ ಮಣ್ಣು ಗೋಡೆಗೆ ಮಲತಾಯಿ.

ಕಾರಣ ಸರಳ. ಎರೆಮಣ್ಣಿನಲ್ಲಿರುವ ಜೇಡಿಯ ಕಣಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವುದನ್ನು ಯಾರು ನೋಡಿಲ್ಲ? ಅದೇ ಮಣ್ಣು ಬುನಾದಿಯನ್ನು ಮಳೆಗಾಲದಲ್ಲಿ ಎತ್ತುತ್ತದೆ, ಬೇಸಿಗೆಯಲ್ಲಿ ಇಳಿಸುತ್ತದೆ. ಭಾರದ ಕಟ್ಟಡ ಹೇಗೋ ತಡೆದೀತು. ಹಗುರವಾದ ಪಂಪ್‌ಸೆಟ್ ಮನೆ, ಹೊಲದ ಶೆಡ್ಡುಗಳ ಗೋಡೆ ಬೇಗ ಸೀಳುತ್ತದೆ.

ನಮ್ಮ ಹಿರಿಯರು ಇದಕ್ಕೆ ಎರಡು ಉಪಾಯ ಕಂಡಿದ್ದರು. ಒಂದು, ಎರೆ ಮುಗಿದು ಗರಸು ಸಿಗುವವರೆಗೆ ಅಗೆಯುವುದು. ಇನ್ನೊಂದು, ಮಣ್ಣಿನ ಮಾಳಿಗೆಯ ಭಾರವನ್ನು ಮರದ ಕಂಬ ತೊಲೆಗಳ ಮೇಲೆ ಹೊರಿಸುವುದು. ಗೋಡೆ ಬಿರಿದರೂ ಮಾಳಿಗೆ ತಲೆಯ ಮೇಲೆ ಬೀಳುತ್ತಿರಲಿಲ್ಲ.

ಮೂರನೆಯ ಉಪಾಯ ಹುಟ್ಟಿದ್ದು ದೂರದ ಐರ್ಲೆಂಡಿನಲ್ಲಿ. ಯೌವನದಲ್ಲೇ ಕಣ್ಣು ಕಳೆದುಕೊಂಡ ಅಲೆಕ್ಸಾಂಡರ್ ಮಿಚೆಲ್ ಎಂಬಾತ 1833ರಲ್ಲಿ ತಿರುಪು ಕಂಬಕ್ಕೆ ಪೇಟೆಂಟ್ ಪಡೆದ. ಕಬ್ಬಿಣದ ಕಂಬದ ತುದಿಗೆ ಅಗಲವಾದ ತಿರುಪಿನ ಎಲೆ. ತಿರುಗಿಸಿದರೆ ಅದು ಮರಳು, ಕೆಸರಿನೊಳಗೆ ತಾನೇ ಇಳಿದು ಹಿಡಿದುಕೊಳ್ಳುತ್ತದೆ. 1838ರಲ್ಲಿ ಥೇಮ್ಸ್ ನದಿಯ ಮುಖದ ಮರಳುದಿಬ್ಬದಲ್ಲಿ ದೀಪಸ್ತಂಭಕ್ಕಾಗಿ ಇಂಥ ಕಂಬಗಳನ್ನು ಇಳಿಸಲಾಯಿತು. ಕೆಲವೇ ದಶಕಗಳಲ್ಲಿ ಅವು ಭಾರತಕ್ಕೂ ಬಂದು, ಮುಂಬಯಿ ಬರೋಡಾ ರೈಲುಮಾರ್ಗದ ಸೇತುವೆಗಳನ್ನು ಹೊತ್ತವು.

ಎರೆ ನೆಲಕ್ಕೆಂದೇ ಉತ್ತರ ಹುಡುಕಿದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ಕಿರಿದಾದ ಕುಣಿ ಕೊರೆದು, ತಳದಲ್ಲಿ ಅದನ್ನು ಗಡ್ಡೆಯಂತೆ ಅಗಲಿಸಿ ಕಾಂಕ್ರೀಟ್ ತುಂಬುವ ಕ್ರಮವದು. ಆಳ ಸಾಮಾನ್ಯವಾಗಿ ಮೂರೂವರೆ ಮೀಟರ್, ಅಂದರೆ ಸುಮಾರು ಹನ್ನೊಂದೂವರೆ ಅಡಿ. ಋತುಮಾನದ ಉಬ್ಬು-ತಗ್ಗು ಅಷ್ಟು ಕೆಳಗೆ ಮುಟ್ಟುವುದಿಲ್ಲ. ಮೇಲಿನ ಮಣ್ಣು ಎಷ್ಟೇ ಎಳೆದರೂ ತಳದ ಗಡ್ಡೆ ಬಿಡದು.

ಈಗ ಮಿಚೆಲ್ಲನ ತಿರುಪು ಸಣ್ಣದಾಗಿ ಮರಳಿ ಬಂದಿದೆ. ಸತುವಿನ ಲೇಪವಿರುವ ಉಕ್ಕಿನ ತಿರುಪುಗಳನ್ನು ಯಂತ್ರದಿಂದ ನೆಲಕ್ಕೆ ತಿರುಗಿಸಿ ತೋಟದ ಶೆಡ್, ಸೌರಫಲಕಗಳನ್ನು ನಿಲ್ಲಿಸುತ್ತಾರೆ. ಅಗೆತವಿಲ್ಲ, ಕಾಂಕ್ರೀಟ್ ಒಣಗುವವರೆಗೆ ಕಾಯಬೇಕಿಲ್ಲ, ಬೇಡವಾದಾಗ ಬಿಚ್ಚಬಹುದು. ಆದರೆ ನಾಲ್ಕಡಿಯ ತಿರುಪು ಎರೆಯೊಳಗೇ ನಿಂತರೆ ಮಣ್ಣಿನೊಂದಿಗೆ ಅದೂ ಏರಿಳಿಯುತ್ತದೆ. ಉಬ್ಬುವ ಪದರ ದಾಟಿ ಕೆಳಗೆ ಕಚ್ಚಿದರೆ ಮಾತ್ರ ಅದು ಬುನಾದಿ. ನೆಲ ಸವುಳಾಗಿದ್ದರೆ ಉಕ್ಕಿಗೆ ತುಕ್ಕಿನ ಭಯವೂ ಉಂಟು.

ನರಗುಂದದಲ್ಲಿ ಇನ್ನೊಂದು ಎಚ್ಚರ ಬೇಕು. ಜೋಳ ತುಂಬಿಡುತ್ತಿದ್ದ ಹಗೇವುಗಳು ನಮ್ಮ ಹಳೆಯ ಊರುಗಳ ನೆಲದಡಿ ಇವೆ. ಮಲಪ್ರಭೆಯ ಕಾಲುವೆ ಬಂದ ಮೇಲೆ ಈ ಸೀಮೆಯ ನೆಲಕ್ಕೆ ನೀರೂ ಹೆಚ್ಚಿತು. ಅದೇ ಕಾಲುವೆಯ ಅಭಿವೃದ್ಧಿ ಕರದ ವಿರುದ್ಧ 1980ರಲ್ಲಿ ರೈತರು ಬಂಡೆದ್ದರು. ಇತ್ತೀಚಿನ ವರ್ಷಗಳಲ್ಲಿ ಪಟ್ಟಣದ ಹಳೆಯ ಓಣಿಗಳಲ್ಲಿ ನೆಲ ಕುಸಿದು ಜನ ಕಂಗಾಲಾದದ್ದುಂಟು. ಮರೆತುಹೋದ ಹಗೇವಿನ ಮೇಲೆ ಯಾವ ತಿರುಪೂ ನಿಲ್ಲದು. ಯಂತ್ರ ತರಿಸುವ ಮೊದಲು ಒಂದು ಕುಣಿ ತೋಡಿ ಗರಸು ಎಷ್ಟು ಆಳದಲ್ಲಿದೆ ಎಂದು ನೋಡಿ. ಓಣಿಯ ಹಿರಿಯರನ್ನು ಕೇಳಿ, ಹಗೇವು ಎಲ್ಲಿದ್ದವೆಂದು ತಿಳಿಯಿರಿ. ಆ ಖರ್ಚು ಅತಿ ಕಡಿಮೆ.